ಮೈಕು ಮತ್ತು ಜಟಕಾ ಗಾಡಿ

ಊರಿನ ಹಳೆಯ ಕಾಲವನ್ನು ಹಿರಿಯರ ಬಾಯಿಂದಲೇ ಹಿಡಿದಿಡುತ್ತೇನೆಂದು ಹೊರಟ ಮೈಕು, ಲಾಯದಲ್ಲಿ ಮೂಲೆಗುಂಪಾಗಿದ್ದ ಜಟಕಾ ಗಾಡಿಯ ಮುಂದೆ ಠೀವಿಯಿಂದ ಕೂತಿತು. ಗಾಡಿ ಬಾಯಿ ತೆರೆಯುವಷ್ಟರಲ್ಲಿ, ಊರಿನಲ್ಲಿ ಉಳಿದಿದ್ದ ಒಂದೇ ಒಂದು ಜಟಕಾ ಕುದುರೆ ಕಲ್ಲುಹಾಸಿನ ಮೇಲೆ ಟಕಟಕ ಹೆಜ್ಜೆಯಿಡುತ್ತಾ ಬಂತು.

“ನನ್ನನ್ನು ಪರವೂರಿಗೆ ಮಾರಿಬಿಟ್ಟರು, ಅಕ್ಕಾ. ಹೊರಡುವ ಮುಂಚೆ ನಿನ್ನ ಹತ್ತಿರ ಸ್ವಲ್ಪ ಹೊತ್ತು ನಿಂತಿರಲೇ?” ಎಂದಿತು.

“ಶ್! ರೆಕಾರ್ಡಿಂಗ್ ನಡೆಯುತ್ತಿದೆ. ನಿನ್ನ ಗೊರಸಿನ ಸದ್ದಿಗೆ ಎಲ್ಲ ಕೆಟ್ಟುಹೋಗುತ್ತದೆ, ಆಚೆ ನಡೆ!” ಎಂದು ಮೈಕು ಗದರಿತು.

ಕುದುರೆ ಹೊರಟುಹೋಯಿತು. ಲಾಯ ನಿಶ್ಶಬ್ದವಾದ ಮೇಲೆಯೇ ಮೈಕಿಗೆ ಸಮಾಧಾನವಾದದ್ದು.

“ಈಗ ಹೇಳಿ ಅಜ್ಜಿ, ಆ ಕಾಲದಲ್ಲಿ ಈ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಏನು ಸದ್ದು ಕೇಳಿಸುತ್ತಿತ್ತು?”

ಗಾಡಿ ಬಾಗಿಲ ಕಡೆ ನೋಡಿತು.

“ಅದನ್ನೇ ಈಗ ಆಚೆ ಕಳಿಸಿದೆಯಲ್ಲ, ಮಗಾ.”