ಅಂಬಿಗನ ಕುಡಿಕೆ

"ಅಜ್ಜಾರ, ಮನುಷ್ಯನ ಮೇಲಿನ ನಂಬಿಕೆಗೆ ಅಂಕ ಹಾಕಲು ಬರುತ್ತದೆಯೇ?" ಎಂದು ದುಂಡಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ದುಂಡಪ್ಪ ಹಿಟ್ಟಿನ ಗಿರಣಿ ನಡೆಸುವವನು. ಪ್ರತಿ ಸೋಮವಾರ ಮಠಕ್ಕೆ ಬಂದು ಸ್ವಾಮಿಗಳ ಎದುರು ಸ್ವಲ್ಪ ಹೊತ್ತು ಕುಳಿತು ಹೋಗುವುದು ಅವನ ರೂಢಿ. ಆ ದಿನ ಅವನಿಗೆ ಸಿಟ್ಟು ಬಂದಿತ್ತು. ಗಿರಣಿಗೆ ಹೊಸ ಯಂತ್ರ ತರಬೇಕೆಂದು ಬ್ಯಾಂಕಿನಲ್ಲಿ ಸಾಲ ಕೇಳಿದ್ದ. ಬ್ಯಾಂಕಿನವರು ಕಂಪ್ಯೂಟರ್ ನೋಡಿ, ನಿಮ್ಮ ಕ್ರೆಡಿಟ್ ಸ್ಕೋರ್ ಕಡಿಮೆ ಇದೆ, ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದರು.

"ನಾನು ಯಾರ ದುಡ್ಡನ್ನೂ ಮುಳುಗಿಸಿದವನಲ್ಲ. ತಂದದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಿದ್ದೇನೆ. ಎಲ್ಲೋ ನಾಲ್ಕಾರು ಕಂತು ಹಿಂದೆ ಮುಂದೆ ಆಗಿರಬಹುದು. ಅಷ್ಟಕ್ಕೇ ಯಾವುದೋ ಅಂಕಿ ಹಿಡಿದು ನನ್ನನ್ನು ಅಳೆಯುತ್ತಾರಲ್ಲ, ಇದು ನ್ಯಾಯವೇ?"

ಸ್ವಾಮಿಗಳು ಹೇಳಿದರು: "ನ್ಯಾಯದ ಮಾತು ಆಮೇಲಿರಲಿ. ಒಬ್ಬ ಅಂಬಿಗನ ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಟ ಇದೆ."

ನದಿಯ ದಂಡೆಯಲ್ಲಿ ಒಂದು ಸಂತೆಯ ಊರು ಇತ್ತು. ಉದ್ರಿ ಇಲ್ಲದೆ ಅಲ್ಲಿ ವ್ಯಾಪಾರ ನಡೆಯುತ್ತಿರಲಿಲ್ಲ. ಈ ಸಂತೆಗೆ ಒಯ್ದದ್ದಕ್ಕೆ ಮುಂದಿನ ಸಂತೆಗೆ ದುಡ್ಡು. ಊರು ಸಣ್ಣದಿದ್ದಾಗ ಯಾರು ಎಂಥವರು ಎಂದು ಎಲ್ಲರಿಗೂ ಗೊತ್ತಿತ್ತು. ಊರು ಬೆಳೆಯಿತು, ಅಂಗಡಿಗಳು ಹೆಚ್ಚಾದವು, ಗೊತ್ತಿಲ್ಲದವರು ಬಂದು ಉದ್ರಿ ಕೇಳತೊಡಗಿದರು. ಕೆಲವರು ಒಯ್ದರು, ಮತ್ತೆ ಮುಖ ತೋರಿಸಲಿಲ್ಲ. ಆಗ ವ್ಯಾಪಾರಿಗಳೆಲ್ಲ ಕೂಡಿ ಒಂದು ಪದ್ಧತಿ ಮಾಡಿದರು.

ಚಾವಡಿಯಲ್ಲಿ ಒಂದೊಂದು ಮನೆಯ ಹೆಸರಿಗೆ ಒಂದೊಂದು ಮಣ್ಣಿನ ಕುಡಿಕೆ ಇಟ್ಟರು. ಉದ್ರಿ ತಂದವನು ಹೇಳಿದ ಸಂತೆಗೆ ತೀರಿಸಿದರೆ ಅವನ ಕುಡಿಕೆಗೆ ಒಂದು ಹುಣಸೆ ಬೀಜ ಬೀಳುತ್ತದೆ. ದಿನ ತಪ್ಪಿದರೆ ಐದು ಬೀಜ ಹೊರಗೆ. ಬರುವಾಗ ಒಂದು, ಹೋಗುವಾಗ ಐದು. ಒಂದೇ ಅಂಗಡಿಯಲ್ಲಿ ಲೆಕ್ಕ ಮುರಿಯದೆ ನಡೆಸಿಕೊಂಡು ಬಂದವನಿಗೆ ವರ್ಷಕ್ಕೊಂದು ಬೀಜ ಹೆಚ್ಚು. ಇನ್ನೂ ಒಂದೆರಡು ನಿಯಮ ಇದ್ದವು. ಅವು ಬಂದಾಗ ಹೇಳುತ್ತೇನೆ.

ಕುಡಿಕೆಗಳನ್ನು ನೋಡಿಕೊಳ್ಳಲು ಒಬ್ಬ ಮುದುಕಿಯನ್ನು ಕೂರಿಸಿದರು. ಯಾರು ತೀರಿಸಿದರು, ಯಾರು ತೀರಿಸಲಿಲ್ಲ ಎಂದು ಅಂಗಡಿಯವರು ಅವಳಿಗೆ ಹೇಳುತ್ತಿದ್ದರು. ಅವಳು ಬೀಜ ಹಾಕುತ್ತಿದ್ದಳು, ತೆಗೆಯುತ್ತಿದ್ದಳು. ಯಾರಿಗೆ ಎಷ್ಟು ಹೊಲ, ಯಾರ ಮನೆಯಲ್ಲಿ ಎಷ್ಟು ಬಂಗಾರ, ಯಾರು ಪೂಜೆಗೆ ಎಷ್ಟು ಹೊತ್ತು ಕೂರುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಇವನಿಗೆ ಕೊಡಲೋ ಬೇಡವೋ ಎಂದು ಯಾರಾದರೂ ಕೇಳಿದರೆ, ಅದು ನಿನ್ನ ಕೆಲಸ, ನನ್ನದು ಎಣಿಸುವುದು ಎನ್ನುತ್ತಿದ್ದಳು.

ಆ ಊರಿನಲ್ಲಿ ನದಿ ದಾಟುವ ಕಡವಿನಲ್ಲಿ ಒಬ್ಬ ಅಂಬಿಗನಿದ್ದ. ಅವನ ಅಜ್ಜನ ಕಾಲದಿಂದ ಜನರನ್ನು ದಾಟಿಸುವ ಹಕ್ಕು ವರ್ಷ ವರ್ಷವೂ ಅವರ ಮನೆಗೇ ಬರುತ್ತಿತ್ತು. ಒಳ್ಳೆಯ ಮನುಷ್ಯ. ಯಾರಿಗೂ ಒಂದು ಕಾಸು ಕೊಡದೆ ಉಳಿಸಿಕೊಂಡವನಲ್ಲ. ಆದರೆ ಸಂತೆಯ ದಿನ ಅವನಿಗೆ ಎರಡು ದಂಡೆಗಳ ನಡುವೆ ಉಸಿರಾಡಲು ಪುರುಸೊತ್ತು ಇರುತ್ತಿರಲಿಲ್ಲ. ಹಾಗಾಗಿ ವರ್ಷಕ್ಕೆ ಒಂದೆರಡು ಸಲ, ಸಂತೆ ಮುಗಿದ ಎರಡು ದಿನಕ್ಕೋ ಮೂರು ದಿನಕ್ಕೋ ಹೋಗಿ ದುಡ್ಡು ಕೊಡುತ್ತಿದ್ದ. ತಡವಾಯಿತಲ್ಲ ಎಂಬ ಸಂಕೋಚಕ್ಕೆ ಆ ಅಂಗಡಿಯವನನ್ನೂ ಅವನ ಹೆಂಡತಿ ಮಕ್ಕಳನ್ನೂ ಪುಕ್ಕಟೆ ದಾಟಿಸುತ್ತಿದ್ದ. ಅಲ್ಲಿಗೆ ಸರಿಹೋಯಿತು ಎಂದುಕೊಳ್ಳುತ್ತಿದ್ದ.

ಅಂಗಡಿಯವರು ಖುಷಿಯಿಂದ ದಾಟುತ್ತಿದ್ದರು. ಆಮೇಲೆ ಚಾವಡಿಗೆ ಹೋಗಿ, ಅಂಬಿಗ ದಿನ ತಪ್ಪಿಸಿದ ಎಂದು ಹೇಳುತ್ತಿದ್ದರು. ಮೋಸ ಎನ್ನಬೇಡ ತಮ್ಮಾ. ದಿನ ತಪ್ಪಿದ್ದು ನಿಜ, ಪುಕ್ಕಟೆ ದಾಟಿಸಿದ್ದೂ ನಿಜ. ಕುಡಿಕೆಗೆ ಬೇಕಾದದ್ದು ಮೊದಲನೆಯದು ಮಾತ್ರ.

ಒಂದು ವರ್ಷ ಅವನ ದೋಣಿಯ ತಳ ಕೊಳೆಯಿತು. ತೇಪೆ ಹಾಕಿ ನಡೆಸುವ ಸ್ಥಿತಿ ಇರಲಿಲ್ಲ. ಮಳೆಗಾಲದ ಮೊದಲು ಊರ ಹಿರಿಯರು ಸೇರಿ, ಈ ವರ್ಷ ಕಡವು ಯಾರಿಗೆ ಎಂದು ತೀರ್ಮಾನಿಸುವ ಪದ್ಧತಿ. ಅದಕ್ಕೆ ಎರಡು ಸಂತೆಗಳಷ್ಟೇ ಉಳಿದಿದ್ದವು. ಗಟ್ಟಿ ದೋಣಿ ಇರಬೇಕು, ಇಲ್ಲವೇ ದೋಣಿ ಕಟ್ಟಲು ಮರ ಕೈಯಲ್ಲಿರಬೇಕು. ಎರಡೂ ಇಲ್ಲದಿದ್ದರೆ ಕಡವು ಬೇರೆಯವನ ಪಾಲು.

ಅಂಬಿಗ ಮರದ ವ್ಯಾಪಾರಿಯ ಹತ್ತಿರ ಹೋದ. ವ್ಯಾಪಾರಿ ಚಾವಡಿಗೆ ಆಳು ಕಳಿಸಿ ಕೇಳಿಸಿದ. ಎಪ್ಪತ್ತೆಂಟು ಬೀಜ ಎಂದು ಉತ್ತರ ಬಂತು.

"ತೊಂಬತ್ತು ಇಲ್ಲದವನಿಗೆ ಇಷ್ಟು ಮರ ಉದ್ರಿ ಕೊಡುವುದಿಲ್ಲ" ಎಂದ ವ್ಯಾಪಾರಿ.

"ಸಾಹುಕಾರ್ರೇ, ನಿಮ್ಮ ಮಗಳ ಮದುವೆಯ ದಿಬ್ಬಣವನ್ನೇ ಪುಕ್ಕಟೆ ದಾಟಿಸಿದೆನಲ್ಲ!"

"ದಾಟಿಸಿದೆ. ಇಲ್ಲ ಅಂದೆನೇ? ನೀನು ಒಳ್ಳೆಯವನಪ್ಪಾ. ಆದರೆ ನಾನು ಈ ಮರವನ್ನು ಯಾರಿಂದ ತಂದೆನೋ ಅವನ ಬಾಕಿ ಒಳ್ಳೆಯತನದಿಂದ ತೀರುವುದಿಲ್ಲ. ಹೇಳಿದ ದಿನಕ್ಕೆ ದುಡ್ಡು ಬರಬೇಕು."

ಅಂಬಿಗನಿಗೆ ಮೈ ಉರಿಯಿತು. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಹನ್ನೆರಡು ಬೀಜ ಕಡಿಮೆ. ಹನ್ನೆರಡು ಅಂಗಡಿಯಲ್ಲಿ ಉದ್ರಿ ತಂದು ಮುಂದಿನ ಸಂತೆಗೆ ತೀರಿಸಿದರೆ ಹನ್ನೆರಡು ಬೀಜ ಬಿತ್ತು! ಭಾರೀ ಉಪಾಯ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ನಗಬೇಡ ದುಂಡಪ್ಪ. ಹೋದ ತಿಂಗಳು ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಿದೆ ಎಂದು ನೀನೇ ಇಲ್ಲಿ ಕುಳಿತು ಹೇಳಿದ್ದೆ.

ಆ ಸಂತೆಯ ದಿನ ಅವನು ಅಂಗಡಿಯಿಂದ ಅಂಗಡಿಗೆ ಓಡಿದ. ಬೆಲ್ಲ ಕೇಳಿದ, ಎಣ್ಣೆ ಕೇಳಿದ, ಬಟ್ಟೆ ಕೇಳಿದ. ಬೇಕಾದದ್ದನ್ನೂ ಕೇಳಿದ, ಬೇಡದ್ದನ್ನೂ ಕೇಳಿದ. ಒಬ್ಬೊಬ್ಬ ಅಂಗಡಿಯವನೂ ಚಾವಡಿಗೆ ಆಳು ಕಳಿಸಿದ. ಮೊದಲ ನಾಲ್ವರು ಕೊಟ್ಟರು. ಅವರು ಎಷ್ಟು ಕೊಡುತ್ತೇನೆಂದರೋ ಅಷ್ಟನ್ನೂ ಬಳಿದು ತಂದ. ಐದನೆಯ ಅಂಗಡಿಯವನು, "ಇವತ್ತು ನನ್ನದು ಐದನೆಯ ಬಾಗಿಲಂತೆ. ಏನಾಗಿದೆ ನಿನಗೆ?" ಎಂದು ಕೇಳಿದ. ಕೊಡಲಿಲ್ಲ. ಅಲ್ಲಿಂದ ಮುಂದೆ ಒಬ್ಬನೂ ಕೊಡಲಿಲ್ಲ. ಆದರೂ ಅವನು ಹನ್ನೆರಡು ಬಾಗಿಲನ್ನೂ ಬಡಿದೇ ಮನೆಗೆ ಹೋದ.

ಮುಂದಿನ ಸಂತೆಗೆ ನಾಲ್ಕೂ ಅಂಗಡಿಯ ಬಾಕಿಯನ್ನು ತಪ್ಪದೆ ತೀರಿಸಿದ. ಆಮೇಲೆ ಹಗ್ಗದ ಅಂಗಡಿಗೆ ಹೋದ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಅವನ ಲೆಕ್ಕ ನಡೆದಿತ್ತು. ದೋಣಿಯ ಹಗ್ಗ ಹಳೆಯದಾದಾಗ ಒಯ್ಯುವುದು, ಮುಂದಿನ ಸಂತೆಗೆ ಕೊಡುವುದು. ಆಗ ಬಾಕಿ ಏನೂ ಇರಲಿಲ್ಲ. ಆದರೂ "ನನ್ನ ಲೆಕ್ಕ ಹೊಡೆದುಹಾಕಿ" ಎಂದ.

"ಇರಲಿ ಬಿಡೋ. ಬಾಕಿ ಇಲ್ಲದಿದ್ದರೇನು, ಹೆಸರು ಇರಲಿ" ಎಂದ ಅಂಗಡಿಯವನು.

"ಬೇಡ. ನನ್ನ ಹೆಸರು ಯಾವ ಅಂಗಡಿಯ ಪುಸ್ತಕದಲ್ಲೂ ಇರಬಾರದು" ಎಂದು ಎದೆಯುಬ್ಬಿಸಿ ಹೊರಟ. ಸಂಜೆ ಅಂಗಡಿಯವರೆಲ್ಲ ಮುದುಕಿಗೆ ಲೆಕ್ಕ ಹೇಳಿಹೋದ ಮೇಲೆ ಚಾವಡಿಗೆ ಹೋಗಿ ತನ್ನ ಕುಡಿಕೆ ಎಣಿಸಲು ಹೇಳಿದ.

ಮುದುಕಿ ಎಣಿಸಿದಳು. "ಐವತ್ತೊಂದು."

"ಇನ್ನೊಮ್ಮೆ ಎಣಿಸು."

ಅವಳು ಬೇಸರಿಸದೆ ಕುಡಿಕೆಯನ್ನು ಚಾಪೆಯ ಮೇಲೆ ಸುರಿದು, ಅವನ ಕಣ್ಣೆದುರೇ ಎಣಿಸಿದಳು. ಐವತ್ತೊಂದೇ ಇತ್ತು. ಆಮೇಲೆ ಬಿಡಿಸಿ ಹೇಳಿದಳು: "ಹನ್ನೆರಡು ಅಂಗಡಿಯವರು ನಿನ್ನ ಕುಡಿಕೆ ಕೇಳಿಸಿದರು. ಕೇಳಿಸಿದ್ದಕ್ಕೆ ಒಂದರಂತೆ ಹನ್ನೆರಡು ಹೋಯಿತು. ಒಂದೇ ದಿನ ಅಷ್ಟು ಬಾಗಿಲು ಬಡಿದವನಿಗೆ ಏನೋ ಕಷ್ಟ ಬಂದಿದೆ ಎಂದೇ ಊರು ತಿಳಿಯುತ್ತದೆ. ಕೊಟ್ಟ ನಾಲ್ಕೂ ಕಡೆ ಅವರು ಕೊಡುವಷ್ಟನ್ನೂ ಬಳಿದು ತಂದೆ. ಅದಕ್ಕೆ ಎರಡರಂತೆ ಎಂಟು ತೆಗೆದಿದ್ದೆ. ನೀನು ತೀರಿಸಿದ ಮೇಲೆ ಆ ಎಂಟನ್ನು ಮರಳಿ ಹಾಕಿದೆ. ದಿನಕ್ಕೆ ಸರಿಯಾಗಿ ಕೊಟ್ಟದ್ದಕ್ಕೆ ನಾಲ್ಕು ಬಂತು. ಈಗ ಹಗ್ಗದ ಅಂಗಡಿಯ ಹತ್ತೊಂಬತ್ತು ವರ್ಷವನ್ನು ನೀನೇ ಹೊಡೆಸಿಹಾಕಿದೆಯಂತೆ. ಆ ಹತ್ತೊಂಬತ್ತೂ ಹೋಯಿತು."

"ಅಯ್ಯೋ, ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ?"

"ನೀನು ಕೇಳಲಿಲ್ಲ. ತನ್ನ ಕುಡಿಕೆಯನ್ನು ತಾನೇ ಬಂದು ಕೇಳಿದರೆ ಅದಕ್ಕೆ ಒಂದು ಬೀಜವೂ ತೆಗೆಯುವುದಿಲ್ಲ. ಇಪ್ಪತ್ತು ವರ್ಷದಲ್ಲಿ ನೀನು ಈ ಬಾಗಿಲಿಗೆ ಬಂದದ್ದು ಇವತ್ತೇ."

ಅಂಬಿಗ ಚಾವಡಿಯ ಕಟ್ಟೆಯ ಮೇಲೆ ಕುಳಿತು ಎಲ್ಲರೆದುರು ಅತ್ತುಬಿಟ್ಟ. ಹಿರಿಯರು ಕಡವನ್ನು ಇನ್ನೊಬ್ಬನಿಗೆ ಕೊಟ್ಟರು. ಆ ಇನ್ನೊಬ್ಬನಿಗೆ ನೀರಿನ ಸುಳಿ ಗೊತ್ತಿರಲಿಲ್ಲ. ಅಂಬಿಗನನ್ನೇ ಕೂಲಿಗೆ ಕರೆದ. ಹೊಟ್ಟೆ ಕೇಳಬೇಕಲ್ಲ. ಅಜ್ಜ ದಾಟಿಸಿದ ನೀರಿನಲ್ಲೇ ಇನ್ನೊಬ್ಬನ ದೋಣಿಗೆ ಹುಟ್ಟು ಹಾಕಿದ. ದಾಟುವವರು ಅಯ್ಯೋ ಪಾಪ ಎನ್ನುತ್ತಿದ್ದರು. ಅದು ಅವನಿಗೆ ಕೂಲಿ ಮಾಡುವುದಕ್ಕಿಂತ ಹೆಚ್ಚು ನೋಯುತ್ತಿತ್ತು.

ಒಂದು ದಿನ ಮತ್ತೆ ಚಾವಡಿಗೆ ಹೋದ. ಈ ಸಲ ಜಗಳಕ್ಕಲ್ಲ.

"ಏನು ಮಾಡಲಿ ಅಮ್ಮಾ?"

"ಸ್ವಲ್ಪ ತಾ. ಹೇಳಿದ ದಿನಕ್ಕೆ ಕೊಡು. ಹಳೆಯ ಅಂಗಡಿ ಬಿಡಬೇಡ. ಸುಮ್ಮಸುಮ್ಮನೆ ಬಾಗಿಲು ಬಡಿಯಬೇಡ."

"ಅಷ್ಟೇನಾ?"

"ಅಷ್ಟೇ. ಬಹಳ ಬೇಜಾರಿನ ಕೆಲಸ. ಅದಕ್ಕೇ ಯಾರೂ ಮಾಡುವುದಿಲ್ಲ."

ಅವನು ಹಗ್ಗದ ಅಂಗಡಿಗೆ ಹೋಗಿ ಹೊಸದಾಗಿ ಲೆಕ್ಕ ತೆರೆಸಿದ. ಪ್ರತಿ ಸಂತೆಗೆ ಒಂದು ಮೊಳ ಎರಡು ಮೊಳ ಹಗ್ಗ ತಂದ. ಸಂತೆಯ ದಿನ ಪುರುಸೊತ್ತು ಸಿಗದು ಎಂದು, ಹಿಂದಿನ ದಿನ ಸಂಜೆಯೇ ಹೋಗಿ ದುಡ್ಡು ಕೊಟ್ಟು ಬಂದ. ತಡವಾಗಿ ಕೊಟ್ಟು ಪುಕ್ಕಟೆ ದಾಟಿಸುವ ಚಾಳಿ ಬಿಟ್ಟ. ಕೆಲವು ಅಂಗಡಿಯವರಿಗೆ ಅದರಿಂದ ಬೇಸರವಾಯಿತು. ಆಗಲಿ. ಹೀಗೆ ನಲವತ್ತೆರಡು ಸಂತೆಗಳು ಕಳೆದವು. ಮರದ ವ್ಯಾಪಾರಿ ಮತ್ತೆ ಆಳು ಕಳಿಸಿ ಕೇಳಿಸಿದಾಗ ಬೀಜ ತೊಂಬತ್ತು ದಾಟಿತ್ತು. ವ್ಯಾಪಾರಿ ಮರ ಕೊಟ್ಟ. ಹೊಸ ಮಳೆಗಾಲಕ್ಕೆ ಕಡವು ಅಂಬಿಗನ ಕೈಗೆ ಮರಳಿತು.

ಇಲ್ಲಿಗೆ ಮುಗಿಯಿತೆಂದು ಏಳಬೇಡ, ಕೂತ್ಕೋ.

ಹೊಸ ದೋಣಿಯ ಮೊದಲ ಸಂತೆ. ಚಾಪೆ ಹೆಣೆಯುವ ಒಬ್ಬ ಹೆಂಗಸು ಎರಡು ಹೊರೆ ಚಾಪೆಯೊಂದಿಗೆ ದಂಡೆಯಲ್ಲಿ ನಿಂತಿದ್ದಳು. "ಅಣ್ಣಾ, ಕೈಯಲ್ಲಿ ಕಾಸಿಲ್ಲ. ಆಚೆ ದಂಡೆಯಲ್ಲಿ ಮಾರಿ ಬಂದು, ಸಂಜೆ ಕೂಲಿ ಕೊಡುತ್ತೇನೆ. ಇವತ್ತು ಮಾರದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ" ಎಂದಳು.

ಅಂಬಿಗನ ಬಾಯಿಂದ ಬಂದ ಮೊದಲ ಮಾತು: "ನಿನ್ನ ಕುಡಿಕೆಯಲ್ಲಿ ಎಷ್ಟು ಬೀಜ ಇವೆ?"

"ನಾನು ಈ ಊರಿಗೆ ಬಂದು ಎಂಟು ದಿನ. ನನ್ನ ಹೆಸರಿಗೆ ಕುಡಿಕೆಯೇ ಇಲ್ಲ. ಯಾರಾದರೂ ಒಂದು ಸಲ ಉದ್ರಿ ಕೊಟ್ಟರೆ ತಾನೇ ಬೀಜ ಬೀಳುವುದು?"

ಅಂಬಿಗನಿಗೆ ತಾನು ಕೇಳಿದ್ದು ತನಗೇ ಕೇಳಿಸಿತು. ನಾಚಿಕೆಯಾಯಿತು. ಆದರೂ ಎರಡೂ ಹೊರೆ ಹತ್ತಿಸಿಕೊಳ್ಳಲು ಧೈರ್ಯ ಸಾಲಲಿಲ್ಲ. ದೋಣಿಯ ಮರದ ಬಾಕಿ ತಲೆಯ ಮೇಲಿತ್ತಲ್ಲ. "ಒಂದು ಹೊರೆ ಹತ್ತಿಸು. ಸಂಜೆ ಅದರ ಕೂಲಿ ಕೊಡು. ಮುಂದಿನ ಸಂತೆಗೆ ಎರಡನ್ನೂ ದಾಟಿಸುತ್ತೇನೆ" ಎಂದ.

ಸಂಜೆ ಅವಳು ಕೂಲಿ ತಂದುಕೊಟ್ಟಳು. ಅಂಬಿಗ ದೋಣಿ ಕಟ್ಟಿ ಚಾವಡಿಗೆ ಹೋದ. ಅವಳ ಹೆಸರಿಗೆ ಒಂದು ಹೊಸ ಕುಡಿಕೆ ಇಡಿಸಿ, ಒಂದು ಬೀಜ ಹಾಕಿಸಿ ಮನೆಗೆ ಹೋದ.

ಸ್ವಾಮಿಗಳು ಕತೆ ನಿಲ್ಲಿಸಿದರು. ದುಂಡಪ್ಪ ತಲೆಯಾಡಿಸಿದ.

"ಏನೇ ಹೇಳಿ ಅಜ್ಜಾರ, ಅಂಬಿಗ ಅವಳನ್ನು ಹಾಗೆ ಕೇಳಬಾರದಿತ್ತು. ತಾನೇ ಅಷ್ಟು ಅತ್ತವನು, ಬಡ ಹೆಂಗಸಿನ ಕುಡಿಕೆ ಎಣಿಸಲು ಹೊರಟನಲ್ಲ. ಮನುಷ್ಯರನ್ನು ನೋಡಿ ಕೊಡಬೇಕು."

ಸ್ವಾಮಿಗಳು ಏಳುತ್ತಾ ಹೇಳಿದರು: "ಹೋದ ವರ್ಷ ನಿನ್ನ ಷಡ್ಡಕ ಕೈಸಾಲ ಕೇಳಿಕೊಂಡು ಬಂದಾಗ, ಹಿಂದಿನದನ್ನೇ ಹೇಳಿದ ದಿನಕ್ಕೆ ಕೊಡಲಿಲ್ಲ ಎಂದು ಒಳಗೂ ಕರೆಯದೆ ಕಳಿಸಿದೆಯಲ್ಲ ದುಂಡಪ್ಪ, ಅವತ್ತು ನೀನು ಏನನ್ನು ಎಣಿಸಿದ್ದೆ?"