ಕಾಲಾಳಿನ ಹಿಂದಿನ ಆನೆ

ಹೊಳೆದಂಡೆಯ ಆ ಮಂಟಪ ಈಗ ಅಣೆಕಟ್ಟಿನ ನೀರಿನಡಿ ಇದೆ. ಕಡು ಬೇಸಿಗೆಯಲ್ಲಿ ಮಾತ್ರ ಅದರ ಕಂಬಗಳು ತಲೆ ಎತ್ತುತ್ತವೆ.

ಅದರ ಕಲ್ಲುಹಾಸಿನಲ್ಲಿ ಅರವತ್ತನಾಲ್ಕು ಮನೆ ಕೊರೆದಿತ್ತು. ಗುರು ಗವಿಯಪ್ಪ ಅಲ್ಲಿ ಚದುರಂಗ ಕಲಿಸುತ್ತಿದ್ದರು. ರಾಜನಿಗೆ ಶಹ ಕೊಟ್ಟರೆ ಕೂಗಿ ಹೇಳಬೇಕಿತ್ತು. ಹೊಳೆ ಅಷ್ಟು ಸದ್ದು ಮಾಡುತ್ತಿತ್ತು.

ಕಡೆಯ ಪಾಠ ಎಲ್ಲರಿಗೂ ಒಂದೇ. ಇಬ್ಬರಿಗೂ ಒಬ್ಬ ರಾಜ, ಒಂದು ಆನೆ, ಮೂರು ಕಾಲಾಳು. ಶಿಷ್ಯನಿಗೆ ಮಾತ್ರ ಅಂಚಿನ ಸಾಲಿನಲ್ಲಿ ಒಂದು ಕಾಲಾಳು ಹೆಚ್ಚು. ಅಷ್ಟರಿಂದ ಗುರುವನ್ನು ಸೋಲಿಸಬೇಕು.

ಗೆದ್ದವನು ಮರುದಿನ ಹೊಳೆ ದಾಟಿ ಹೋಗಬೇಕು. ಬೇರೆ ಊರಿನಲ್ಲಿ ಕಲಿಸಬೇಕು.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಮುದುವೀರ ಉಳಿದ. ಎರಡು ವರ್ಷದಿಂದ ಅವನ ಆಟ ಸರಿಸಮವಾಗಿಯೇ ಮುಗಿಯುತ್ತಿತ್ತು.

ಒಂದು ಸಂಜೆ ಅವನು ಎಂದಿನಂತೆ ಆನೆಯನ್ನು ತನ್ನ ಹೆಚ್ಚಿನ ಕಾಲಾಳಿನ ಮುಂದೆ ಇಟ್ಟ.

ಗುರು ಕೇಳಿದರು, "ಅದೇ ತಪ್ಪು ಎಷ್ಟು ದಿನವೋ? ಕತ್ತೆ ಕೂಡ ಆಗಾಗ ಬೇರೆ ತಪ್ಪು ಮಾಡುತ್ತೆ."

"ನನಗೆ ತಲೆಗೆ ಹತ್ತುವುದಿಲ್ಲ, ಗುರುಗಳೇ."

"ಸುಳ್ಳು."

ಮುದುವೀರ ತಲೆ ತಗ್ಗಿಸಿದ.

"ನಾನೂ ಹೋದರೆ ನಿಮ್ಮ ಎದುರು ಕೂರುವವರು ಯಾರು?"

ಗುರು ಕೈ ಚಾಚಿ ಶಿಷ್ಯನ ಆನೆಯ ಮೇಲೆ ಬೆರಳಿಟ್ಟರು. ಅದರ ಸೊಂಡಿಲು ಎಂದೋ ಮುರಿದಿತ್ತು.

"ಕಾಲಾಳಿಗೂ ಇದಕ್ಕೂ ನಡುವೆ ಎಷ್ಟು ಮನೆ ಖಾಲಿ?"

"ಮೂರು."

"ಕಾಲಾಳು ಒಂದು ಹೆಜ್ಜೆ ಇಟ್ಟರೆ?"

"ಎರಡು."

"ಇನ್ನೊಂದು?"

"ಒಂದು. ಆಮೇಲೆ ಆನೆಗೆ ಉಸಿರಾಡಲೂ ಜಾಗವಿಲ್ಲ."

ಗುರು ಆನೆಯನ್ನು ಎತ್ತಿ ಕಾಲಾಳಿನ ಹಿಂದೆ, ಮೊದಲ ಮನೆಯಲ್ಲಿ ಇಟ್ಟರು.

"ಈಗ?"

"ಎರಡು ಮನೆ ಖಾಲಿ."

"ಕಾಲಾಳು ಹೊರಟರೆ?"

"ಮೂರು." ಮುದುವೀರನ ದನಿ ಸಣ್ಣದಾಯಿತು. "ಆಮೇಲೆ ನಾಲ್ಕು. ಆಮೇಲೆ ಐದು."

ಅವನು ಕಾಲಾಳಿನ ತಲೆ ಹಿಡಿದ. ಕೈ ಮುಂದೆ ಹೋಗಲಿಲ್ಲ. ಆಚೆ ದಡದಲ್ಲಿ ಹರಿಗೋಲಿನವನು ಯಾರನ್ನೋ ಕರೆಯುತ್ತಿದ್ದ.

"ಗುರುಗಳೇ, ಇವತ್ತು ಬೇಡ."

ಗುರು ಹೊಳೆಯ ಕಡೆ ನೋಡುತ್ತಲೇ ಗದರಿದರು:

"ತಳ್ಳೋ. ಈ ಮುದಿ ಆನೆಗೂ ಸ್ವಲ್ಪ ಜಾಗ ಬೇಕು."