ಯಜಮಾನರ ರೇಸ್ ಕಾರು

ಹಂಪನಕಟ್ಟೆಯಲ್ಲಿ ಮೂರು ತಲೆಮಾರಿನಿಂದ ನಮ್ಮ ಮನೆತನಕ್ಕೆ ಗೌರವವಿದೆ; ನಾವು ಸುಳ್ಳು ದೂರು ಕೊಡುವವರಲ್ಲ. ಪಾರ್ಶ್ವವಾಯು ಬಡಿದ ಕೈಯನ್ನು ಪಳಗಿಸಲು ನಮ್ಮ ಯಜಮಾನರು ದೂರದ ತಮ್ಮನೊಡನೆ ಟಿವಿಯಲ್ಲಿ ಆನ್‌ಲೈನ್ ಕಾರ್ ರೇಸ್ ಆಡುತ್ತಾರೆ. ಕಾರು ನಡುನಡುವೆ ನಿಂತುಬಿಡುತ್ತಿತ್ತು.

ನಾವು ದೂರು ಕೊಟ್ಟ ಮೇಲೆ ಇಂಟರ್ನೆಟ್ ಕಂಪನಿಯ ಇಂಜಿನಿಯರ್ ಬಂದು, "ಲೈನ್ ಸರಿಯಿದೆ ಮೇಡಂ, ಅಂಕಲ್ ಕೈ ಸರಿಯಿಲ್ಲ" ಎಂದರು.

ಯಜಮಾನರು ಜಾಯ್‌ಸ್ಟಿಕ್ ಕೆಳಗಿಟ್ಟರು. "ಇನ್ನು ಆಡುವುದಿಲ್ಲ."

ಅಡುಗೆಯ ಗುಲಾಬಿ ಕೈ ಒರೆಸುತ್ತಾ ಬಂದಳು. "ನೀವೇ ಆಡಿ ತೋರಿಸಿ ಸರ್, ಧಣಿಗಳು ನೋಡಿ ಕಲಿಯಲಿ."

ಇಂಜಿನಿಯರ್ ಠೀವಿಯಿಂದ ಕುಳಿತರು. ಅವರ ಕಾರೂ ನಿಂತಿತು.

"ಅಯ್ಯೋ! ಧಣಿಗಳ ಕೈಗೆ ತಿಕ್ಕುವ ಎಣ್ಣೆ ನಿಮಗೂ ತರಲಾ?" ಎಂದಳು ಗುಲಾಬಿ.

ಅವರು ಬೆವರೊರೆಸಿಕೊಂಡು, ಸಿಗ್ನಲ್ ತಡೆಯುತ್ತಿದ್ದ ಕಬ್ಬಿಣದ ಬೀರುವಿನ ಹಿಂದಿದ್ದ ರೌಟರ್‌ನಿಂದ ಆಟದ ಪೆಟ್ಟಿಗೆಗೆ ನೇರ ವಯರ್ ಎಳೆದರು. ಕಾರು ಓಡಿತು. ಯಜಮಾನರು ಎಷ್ಟೋ ತಿಂಗಳ ನಂತರ ಗಟ್ಟಿಯಾಗಿ ನಕ್ಕರು.

ಇಂಜಿನಿಯರ್ ಮಾತ್ರ ಚೀಲ ಎತ್ತಿಕೊಂಡು ಹೊರಟುಹೋದರು. ಅವರು ಮತ್ತೆ ಬಂದು, ಆಡಿದ ಮಾತಿಗೆ ಯಜಮಾನರ ಕ್ಷಮೆ ಕೇಳಬೇಕು.